ಕೇಳದೆ ತೆಗೆದ ದನಿ

ಡೊಂಬಿವಲಿ ಪೂರ್ವದಲ್ಲಿ, ರಿಕ್ಷಾ ಹಿಡಿಯುವಷ್ಟು ದೂರವೂ ಅಲ್ಲದ, ಬೆವರದೆ ನಡೆಯುವಷ್ಟು ಹತ್ತಿರವೂ ಅಲ್ಲದ ಒಂದು ಹಳೆಯ ಕಟ್ಟಡದ ಮೇಲ್ಗಡೆ ಮೂವರು ಸೇರಿ ಸ್ಟುಡಿಯೊ ನಡೆಸುತ್ತಿದ್ದರು. ಹೆಸರಿಗಾಗಿ ಅವರು ತಲೆ ಕೆಡಿಸಿಕೊಂಡಿರಲಿಲ್ಲ. ವಿಳಾಸ ಕೇಳಿದವರಿಗೆಲ್ಲ ಮರಾಠಿಯಲ್ಲಿ ‘ತಿಸ್ರಾ ಮಾಳಾ’, ಮೂರನೇ ಮಹಡಿ, ಎಂದು ಹೇಳಿ ಹೇಳಿ ಅದನ್ನೇ ಬಾಗಿಲಿಗೂ ಬರೆದುಬಿಟ್ಟಿದ್ದರು.

ನಿರ್ದೇಶಕ ಮಯೂರ್. ಠಾಣೆಯಲ್ಲಿ ಹೋಟೆಲು ನಡೆಸುವ ಉಡುಪಿ ಕಡೆಯ ಮನೆಯವನು. ಕನ್ನಡ ಕೇಳಿದರೆ ತಿಳಿಯುತ್ತಿತ್ತು. ಮಾತಾಡಲು ಹೊರಟರೆ ಅರ್ಧ ದಾರಿಯಲ್ಲಿ ಹಿಂದಿಗೆ ಜಾರುತ್ತಿದ್ದ. ಚಿತ್ರ ಬರೆಯುವವಳು ಸೋನಾಲಿ. ಅವಳ ಅಪ್ಪ ಅಮ್ಮ ಮೂಡಬಿದಿರೆಯವರು, ಅವಳು ಮಾತ್ರ ಡೊಂಬಿವಲಿಯವಳೇ. ಇದ್ದಿಲಿನಲ್ಲಿ, ನೀರುಬಣ್ಣದಲ್ಲಿ ಒಂದೊಂದೇ ಚಿತ್ರ ಬರೆದು, ಅವುಗಳನ್ನು ಜೋಡಿಸಿ ಓಡಾಡಿಸುವ ತಾಳ್ಮೆ ಅವಳಿಗಿತ್ತು. ಮೂರನೆಯವನು ಶಿವರಾಜ. ಸದ್ದು ಹಿಡಿಯುವುದು, ತೊಳೆಯುವುದು, ಕೂರಿಸುವುದು ಅವನ ಕೆಲಸ.

ಶಿವರಾಜನ ಮನೆ ಕಲ್ಯಾಣದಲ್ಲಿ. ಅಪ್ಪ ಚನ್ನಪ್ಪ, ಅವ್ವ ಕಾಳವ್ವ ವಿಜಾಪುರದ ಕಡೆಯಿಂದ ಮದುವೆಯಾದ ಹೊಸತರಲ್ಲಿ ಬಂದು ನೆಲೆಸಿದವರು. ಅಂಬರನಾಥದ ಕಂಪನಿ ಬಾಗಿಲು ಹಾಕಿ ಚನ್ನಪ್ಪ ಮನೆಯಲ್ಲಿ ಕೂತಿದ್ದ ದಿನಗಳಲ್ಲಿ ಕಾಳವ್ವ ಅಕ್ಕಪಕ್ಕದ ಬಿಲ್ಡಿಂಗುಗಳಲ್ಲಿ ಪಾತ್ರೆ-ಭಾಂಡಿ ತಿಕ್ಕಿದ್ದಳು. ಅದರಲ್ಲೊಂದು ಶಿವರಾಜನ ತರಗತಿಯ ಹುಡುಗನ ಮನೆ. ಒಂದು ಭಾನುವಾರ ಕ್ರಿಕೆಟ್ ಬ್ಯಾಟು ಕೇಳಲು ಅಲ್ಲಿಗೆ ಹೋದವನು, ಅವ್ವ ಸೀರೆ ಎತ್ತಿ ಕಟ್ಟಿ ಬಚ್ಚಲಲ್ಲಿ ಭಾಂಡಿ ತಿಕ್ಕುತ್ತ ಕೂತದ್ದನ್ನು ಕಂಡು ಗುರುತಿಲ್ಲದವನಂತೆ ಬ್ಯಾಟು ತೆಗೆದುಕೊಂಡು ಬಂದಿದ್ದ. ಅವಳೂ ತಲೆ ಎತ್ತಲಿಲ್ಲ. ಆಮೇಲೆ ಅಪ್ಪನಿಗೆ ಕಲ್ಯಾಣದಲ್ಲೇ ಕಾಳುಕಡಿ ವ್ಯಾಪಾರಿಯೊಬ್ಬನ ಅಂಗಡಿಯಲ್ಲಿ ಗುಮಾಸ್ತಿಕೆ ಸಿಕ್ಕಿತು, ಮನೆ ಸುಧಾರಿಸಿತು. ಆದರೂ ಗೆಳೆಯರನ್ನು ಮನೆಗೆ ಕರೆಯದಿರುವುದು ಅವನಿಗೆ ಅಭ್ಯಾಸವಾಗಿಹೋಗಿತ್ತು. ಮಾತನ್ನೂ ಅವನು ಒಗೆದು ಇಸ್ತ್ರಿ ಹಾಕಿಕೊಂಡಿದ್ದ. ಸ್ಟುಡಿಯೊದಲ್ಲಿ ಅವನಾಡುತ್ತಿದ್ದುದು ಟೀವಿಯ ಕನ್ನಡ. ‘ಹೌದ್ರೀ’, ‘ಐತಿ’ ಎಂಬವೆಲ್ಲ ಕಲ್ಯಾಣದ ಮನೆಯ ಹೊಸ್ತಿಲೊಳಗೇ ಉಳಿಯುತ್ತಿದ್ದವು.

ಹಿಂದಿನ ವರ್ಷ ಒಂದು ಮಸಾಲೆ ಕಂಪನಿಯ ಜಾಹೀರಾತಿಗೆ ರೊಟ್ಟಿ ಬಡಿಯುವ ಸದ್ದು ಬೇಕಾಗಿತ್ತು. ಅದಕ್ಕೆ ಬೇರೆಲ್ಲಿಗೂ ಹೋಗಬೇಕಿರಲಿಲ್ಲ. ಬೆಳಿಗ್ಗೆ ಅವ್ವ ಜೋಳದ ಹಿಟ್ಟು ನಾದಿ ಕೂತಾಗ ಅವನು ರೆಕಾರ್ಡರನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟ.

“ಏನೋ ಅದು?” ಎಂದಳು ಕಾಳವ್ವ.

“ಸಪ್ಪಳ ಅಳಿಯೂ ಮಷೀನು.”

“ಅಳೀ ಅಳೀ,” ಎಂದು ಅವಳು ರೊಟ್ಟಿ ತಟ್ಟತೊಡಗಿದಳು. ಭಜನೆಗೆ ಬರುವ ಗೆಳತಿಯೊಬ್ಬಳ ಮೊಮ್ಮಗ ಘೋಡಬಂದರ್ ರಸ್ತೆಯ ಮಾಲಿನಲ್ಲಿ ಕಳೆದುಹೋಗಿ, ತಾಸಿನ ಮೇಲೆ ಸಿಕ್ಕಿದ್ದನಂತೆ. ಅದನ್ನು ಹೇಳುತ್ತ ಹೇಳುತ್ತ ಅವಳ ಕೈ ನಿಧಾನವಾಯಿತು. “ಶಿವ್ಯಾ, ನಿನಗೊಂದು ಹೇಳ್ತೀನಿ. ನಿಮ್ಮಪ್ಪಗ ಹೇಳಬ್ಯಾಡ,” ಎಂದು ಎಂದೂ ಯಾರಿಗೂ ಹೇಳದ ಒಂದು ಸಂಗತಿ ಹೇಳಿದಳು.

ಅವನು ಇನ್ನೂ ಸರಿಯಾಗಿ ನಡೆಯಲು ಕಲಿಯುತ್ತಿದ್ದ ಕಾಲ. ಠಾಣೆಯಲ್ಲಿ ಬಂಧುಗಳ ಮನೆಗೆ ಹೋಗಿ ಲೋಕಲ್‌ನಲ್ಲಿ ಮರಳುವಾಗ, ಗದ್ದಲದಲ್ಲಿ ಕೂಸು ಉಸಿರುಗಟ್ಟೀತೆಂದು ಕಿಟಕಿಯ ಬಳಿ ಕೂತ ಮೀನು ಮಾರುವ ಹೆಂಗಸೊಬ್ಬಳು ಅವನನ್ನು ತೊಡೆಯ ಮೇಲೆ ಇಟ್ಟುಕೊಂಡಳು. ದಿವಾ ಸ್ಟೇಷನ್ ಬಂದಾಗ ಇಳಿಯುವವರ ನೂಕಿಗೆ ಸಿಕ್ಕಿ ಕಾಳವ್ವ ಪ್ಲಾಟ್‌ಫಾರ್ಮಿಗೆ ಬಿದ್ದಳು. ಗಾಡಿ ಬಿಟ್ಟಿತು. ಅವಳಿಗೆ ಆಗ ಮರಾಠಿ ಬರುತ್ತಿರಲಿಲ್ಲ, ಹಿಂದಿಯೂ ಇಲ್ಲ. ಕಂಡವರ ಮುಂದೆಲ್ಲ ಎರಡು ಕೈಯಿಂದ ಕೂಸಿನ ಅಳತೆ ತೋರಿಸಿ ತೋರಿಸಿ ಅತ್ತಳು. ಮುಂದಿನ ಗಾಡಿ ಹತ್ತಿ ಬಾಗಿಲಲ್ಲಿ ನಿಂತಿದ್ದಾಗ ಡೊಂಬಿವಲಿಯ ಗದ್ದಲದಲ್ಲಿ ಮಗನ ಅಳು ಕೇಳಿಸಿತು. ಇಳಿದು ಓಡಿದಳು. ಮೀನಿನ ಬುಟ್ಟಿ ಪಕ್ಕಕ್ಕಿಟ್ಟುಕೊಂಡು, ಕೂಸನ್ನು ಎದೆಗವಚಿಕೊಂಡು ಆ ಹೆಂಗಸು ಅಲ್ಲೇ ಕೂತಿದ್ದಳು.

“ನಿಮ್ಮಪ್ಪಗ ಗೊತ್ತಾಗಿದ್ರ ನನ್ನ ಊರಿಗೇ ಅಟ್ಟತಿದ್ದ. ಅವತ್ತಿಂದ ಈವತ್ತಿನ ತನಕ ನಾ ಇದನ್ನ ಹೊಟ್ಟ್ಯಾಗ ಇಟ್ಕೊಂಡೀನಿ,” ಎಂದು ಕಾಳವ್ವ ರೊಟ್ಟಿಯನ್ನು ಹಂಚಿಗೆ ಹಾಕಿದಳು.

ಶಿವರಾಜನ ಕಣ್ಣು ರೆಕಾರ್ಡರಿನ ಕಡೆ ಹೋಯಿತು. ಮುಳ್ಳು ಸರಿಯಾಗಿ ಏಳುತ್ತಿದೆಯೇ ಎಂದು ನೋಡಿದ. ಏಳುತ್ತಿತ್ತು.

ಸ್ಟುಡಿಯೊದಲ್ಲಿ ರೊಟ್ಟಿಯ ಸದ್ದನ್ನು ಬೇರ್ಪಡಿಸುತ್ತಿದ್ದಾಗ ಹೆಡ್‌ಫೋನಿನ ತಂತಿ ಸಡಿಲವಾಗಿ ಒಂದು ಮಾತು ಸ್ಪೀಕರಿಗೆ ಹಾರಿತು: “ನಾ ಎಲ್ಲಿ ಇಳದೆ? ನನ್ನ ಇಳಿಸಿದ್ರು! ಹಿಟ್ಟಿನ ಮುದ್ದಿ ಒಗದಂಗ ಒಗದ್ರು!”

ಮಯೂರ್ ಗಹಗಹಿಸಿ ನಕ್ಕ. ಸೋನಾಲಿಯೂ ಕುಂಚ ಕೆಳಗಿಟ್ಟು ನಕ್ಕಳು. “ಅರೆ, ಯೇ ಕೌನ್ ಹೈ? ಕ್ಯಾ ಆವಾಜ್ ಹೈ ಯಾರ್! ಎಂತ ಕ್ಯೂಟ್ ಮಾತಾಡ್ತಾರೆ,” ಎಂದ ಮಯೂರ್.

ಅವರ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಆ ನಗು ಇನ್ನೂ ಕೋಣೆಯಲ್ಲಿರುವಾಗಲೇ ‘ನಮ್ಮವ್ವ’ ಎನ್ನಲು ಶಿವರಾಜನಿಗೆ ಬಾಯಿ ಬರಲಿಲ್ಲ. ಬಂದದ್ದು ಬೇರೆ.

“ನಮ್ಮ ಬಿಲ್ಡಿಂಗಲ್ಲಿ ಭಾಂಡಿ ತಿಕ್ಕೋಕೆ ಬರ್ತಾಳೆ, ಒಬ್ಬಳು.”

ಇಷ್ಟು ಜನರಿರುವ ಊರಲ್ಲಿ ಅದೇ ಏಕೆ ನಾಲಿಗೆಗೆ ಬಂತೆಂದು ಅವನು ಆಮೇಲೆ ಎಷ್ಟೋ ಸಲ ಕೇಳಿಕೊಂಡ. ಉತ್ತರ ಗೊತ್ತಿತ್ತು, ಅದಕ್ಕೇ ಮತ್ತೆ ಮತ್ತೆ ಕೇಳಿಕೊಳ್ಳಬೇಕಾಗುತ್ತಿತ್ತು.

ಶಿವರಾಜ ಪೂರ್ತಿ ಕಥೆ ಹೇಳಿದ ಮೇಲೆ ಮಯೂರ್ ಕೂತಲ್ಲಿ ಕೂರಲಿಲ್ಲ. ಇದೇ ನಮ್ಮ ಸ್ವಂತ ಫಿಲ್ಮು, ನಟಿ ಬೇಡ, ಇದೇ ದನಿ, ಮೇಲೆ ಸೋನಾಲಿಯ ಚಿತ್ರಗಳು ಎಂದ. ಸೋನಾಲಿ ಮಾತ್ರ ಕೇಳಿದಳು: “ಅವರು ಒಪ್ಪಿದ್ದಾರಾ ಶಿವ? ಫಿಲ್ಮ್ ಮಾಡ್ತೇವೆ ಅಂತ ಗೊತ್ತುಂಟಾ ಅವರಿಗೆ?”

“ಕೇಳಿದೀನಿ. ಖುಷಿಯಾದ್ರು.”

ಚಿತ್ರಕ್ಕೆ ಕೂಡಿಸುವ ಮೊದಲು ದನಿಯನ್ನು ಶುಚಿ ಮಾಡಬೇಕಿತ್ತು. ಶಿವರಾಜ ಬಾಗಿಲು ಹಾಕಿಕೊಂಡು ಒಬ್ಬನೇ ಕೂತ. ‘ಶಿವ್ಯಾ’ ಎಂದಲ್ಲೆಲ್ಲ ಕತ್ತರಿಸಿದ. ‘ನೀ’ ಎಂದಲ್ಲಿ ಕತ್ತರಿಸಿ ‘ಕೂಸು’ ಎಂಬುದನ್ನು ಬೇರೆಡೆಯಿಂದ ತಂದು ಅಂಟಿಸಿದ. ‘ನಿಮ್ಮಪ್ಪಗ ಹೇಳಬ್ಯಾಡ’ ಎಂಬುದನ್ನೂ ಉಳಿದ ‘ನಿಮ್ಮಪ್ಪ’ಗಳನ್ನೂ ಅಳಿಸಿದ. ಬಹಳ ನಾಜೂಕಿನ ಕೆಲಸ, ಎಲ್ಲಿಯೂ ಹೊಲಿಗೆ ಕಾಣಲಿಲ್ಲ. ಹೆತ್ತವಳ ಬಾಯಿಂದ ತನ್ನ ಹೆಸರನ್ನು ಇಷ್ಟು ಚೊಕ್ಕವಾಗಿ ತೆಗೆದವರು ಬೇರೆ ಯಾರೂ ಇರಲಿಕ್ಕಿಲ್ಲ ಎನಿಸಿ ಅವನು ಎದ್ದುಹೋಗಿ ಮುಖ ತೊಳೆದುಕೊಂಡ. ಮತ್ತೆ ಬಂದು ಉಳಿದದ್ದನ್ನೂ ಮುಗಿಸಿದ.

ಮಳೆಗಾಲ ಕಳೆದು ಚಳಿ ಬರುವ ತನಕ ಸೋನಾಲಿ ಆ ದನಿಯ ಜೊತೆಗೇ ಬದುಕಿದಳು. ಒಂದೊಂದು ಉಸಿರಿಗೂ ಚಿತ್ರ ಬರೆದಳು. ಜನರ ಕಾಡಿನಲ್ಲಿ ಎರಡು ಕೈಗಳು ಗಾಳಿಯಲ್ಲಿ ಕೂಸಿನ ಅಳತೆ ತೋರಿಸುವ ದೃಶ್ಯವನ್ನು ಬರೆದು ಹರಿದು ಮತ್ತೆ ಬರೆದಳು. “ಅವರ ಕೈ ಒಮ್ಮೆ ನೋಡಬೇಕಿತ್ತು ಮಾರಾಯ. ಕರ್ಕೊಂಡು ಬಾ,” ಎನ್ನುತ್ತಿದ್ದಳು. ಊರಿಗೆ ಹೋಗಿದ್ದಾರೆ, ಮೈಯಲ್ಲಿ ಹುಷಾರಿಲ್ಲ, ಕೆಲಸ ಬಿಟ್ಟರಂತೆ ಎಂದು ಶಿವರಾಜ ದಾಟಿಸುತ್ತ ಹೋದ. ಚಿತ್ರಕ್ಕೆ ‘ದಿವಾ’ ಎಂದೇ ಹೆಸರಾಯಿತು. ಕೊನೆಗೆ ಬರುವ ಹೆಸರುಗಳನ್ನು ಸೋನಾಲಿ ಕನ್ನಡ, ಮರಾಠಿ ಎರಡರಲ್ಲೂ ಕೈಯಿಂದಲೇ ಬರೆದಳು. ದನಿಗೆ ಹೆಸರು ಕೇಳಿದಾಗ, ಹೆಸರು ಹಾಕುವುದು ಅವಳಿಗೆ ಇಷ್ಟವಿಲ್ಲ ಎಂದ ಶಿವರಾಜ. ಅವಳು ಹೀಗೆ ಬರೆದಳು: ‘ದನಿ: ಕಲ್ಯಾಣದ ಒಬ್ಬ ಮನೆಗೆಲಸದ ತಾಯಿ.’

ವಾಶಿಯ ಚಿತ್ರೋತ್ಸವದಲ್ಲಿ ‘ದಿವಾ’ಗೆ ಬಹುಮಾನ ಬಂತು. ದನಿ ಕೇಳಿ ಜನ ಅತ್ತರು. ಆಮೇಲೆ ಕಲ್ಯಾಣದ ಕನ್ನಡ ಸಂಘದವರು, ತಮ್ಮ ಸಭಾಂಗಣದಲ್ಲಿ ತೋರಿಸಬೇಕು, ತಂಡಕ್ಕೆ ಸನ್ಮಾನ ಮಾಡಬೇಕು ಎಂದು ಕರೆ ಮಾಡಿದರು. ಮಯೂರ್ ಹಿಗ್ಗಿಹೋದ. “ಆ ಅಮ್ಮನನ್ನು ಸ್ಟೇಜ್ ಮೇಲೆ ಕರೀಬೇಕು. ಶಾಲು ಅವರಿಗೇ ಫಸ್ಟ್. ನಾವೆಲ್ಲ ಬಾದ್ ಮೇ,” ಎಂದ. ಅವನು ಒಳ್ಳೆಯವನು, ಅವನ ಒಳ್ಳೆಯತನವೇ ಶಿವರಾಜನಿಗೆ ಉರುಳಾಗಿ ಬಂತು. ಅಪ್ಪ ಆ ಸಂಘದ ಹಳೆಯ ಸದಸ್ಯ. ಮುಂದಿನ ಸಾಲಿನಲ್ಲಿ ಕೂರುವವನು.

ಅದೇ ಚಿಂತೆಯೋ ಏನೋ, ಶಿವರಾಜನಿಗೆ ಜ್ವರ ಬಂತು. ಫೋನು ಆರಿಸಿಟ್ಟು ಮಲಗಿದ. ಎರಡು ದಿನ ಸುಳಿವಿಲ್ಲದ್ದರಿಂದ, ಭಿವಂಡಿಯ ಗೋದಾಮೊಂದರಲ್ಲಿ ಶೂಟಿಂಗ್ ಮುಗಿಸಿದ ಮಯೂರ್, ಸೋನಾಲಿ ಹಾಗೇ ಕಲ್ಯಾಣಕ್ಕೆ ಬಂದು, ಕೇಳಿಕೊಂಡು ಕೇಳಿಕೊಂಡು ಮಧ್ಯಾಹ್ನದ ಊಟದ ಹೊತ್ತಿಗೆ ಬಾಗಿಲು ಬಡಿದರು.

ಒಳಗೆ ಮಲಗಿದ್ದ ಶಿವರಾಜನಿಗೆ ಅವ್ವ ಚಿಲಕ ತೆಗೆದದ್ದು ಕೇಳಿಸಿತು. “ಯಾರ್ರೀ? ಶಿವ್ಯಾನ ಗೆಳ್ಯಾರೇನು? ಬರ್ರಿ, ಬರ್ರಿ! ಬಿಸಿಲಾಗ ಬಂದೀರಿ, ನಿಂತ್ರ್ಯಾಕ?”

ಅವರು ನಿಂತೇ ಇದ್ದರು. ಶಿವರಾಜ ಹೊದಿಕೆ ಸರಿಸಿ ಎದ್ದು ಬಂದ. ಸೋನಾಲಿಯ ಬಾಯಿ ಅರೆತೆರೆದಿತ್ತು. ಅವಳು ಮೊದಲು ಕಾಳವ್ವನ ಮುಖ ನೋಡಿದಳು, ಆಮೇಲೆ ಹಿಟ್ಟು ಮೆತ್ತಿದ ಕೈಗಳನ್ನು ನೋಡಿದಳು, ಕೊನೆಗೆ ಅವನನ್ನು. ಆ ನೋಟದಲ್ಲಿ ಇನ್ನೂ ಸಿಟ್ಟು ಬಂದಿರಲಿಲ್ಲ, ಬರೀ ಅರ್ಥವಾಗದಿರುವಿಕೆ. ಸಿಟ್ಟಿದ್ದರೆ ಅವನು ಎದುರಿಸುತ್ತಿದ್ದನೇನೋ.

“ನಮ್ಮ ತಾಯಿ,” ಎಂದ. ಜ್ವರದ ಬಾಯಲ್ಲಿ ಅದು ಕೇಳಿಸಿತೋ ಇಲ್ಲವೋ.

ಕಾಳವ್ವ ಬಿಡಲಿಲ್ಲ, ತಟ್ಟೆ ಹಾಕಿದಳು. ರೊಟ್ಟಿ, ಝುಣಕ, ಶೇಂಗಾ ಚಟ್ನಿ. ಅಂಗಡಿಯಿಂದ ಊಟಕ್ಕೆ ಬಂದ ಚನ್ನಪ್ಪನೂ ಜೊತೆಗೆ ಕೂತ. ಮಯೂರ್ ತಲೆ ತಗ್ಗಿಸಿ ತಿನ್ನುತ್ತಿದ್ದ. ಸೋನಾಲಿಗೆ ಅಷ್ಟು ಹೊತ್ತಿಗೆ ತನ್ನದೇ ಒಂದು ಲೆಕ್ಕ ಕೂಡಿತ್ತು: ತಾಯಿ ಒಪ್ಪಿದ್ದಾರೆ, ಹೆಸರು ಬೇಡ ಎಂದವರೂ ಅವರೇ, ಅದಕ್ಕೆ ಇವನು ಮುಚ್ಚಿಟ್ಟ. ಅವಳ ಮುಖ ಅರಳಿತು. ಕಾಳವ್ವನ ಮುಂಗೈ ಹಿಡಿದು, “ಅಮ್ಮ, ನಿಮ್ಮ ದನಿ ಎಲ್ಲರಿಗೂ ಎಷ್ಟು ಇಷ್ಟ ಆಯ್ತು ಗೊತ್ತುಂಟಾ? ವಾಶಿಯಲ್ಲಿ ಜನ ಅತ್ತೇಬಿಟ್ರು,” ಎಂದಳು.

“ನಂದು ದನಿ?” ಎಂದು ನಕ್ಕಳು ಕಾಳವ್ವ. “ಯಾವ ದನಿ ಬೇ ಯವ್ವಾ?”

ಚನ್ನಪ್ಪ ತುತ್ತು ನಿಲ್ಲಿಸಿದ. “ಏನದು? ಇಕಿ ಹಾಡ್ಯಾಳೇನು?”

ಸೋನಾಲಿ ಶಿವರಾಜನ ಕಡೆ ತಿರುಗಿದಳು. ಅಲ್ಲಿ ಕಂಡದ್ದು ಅವಳಿಗೆ ಸಾಕಾಯಿತು. ಕೈ ಸಡಿಲಿಸಿದಳು. ಆದರೆ ಚನ್ನಪ್ಪ ಹಿಡಿದ ಮಾತು ಬಿಡುವವನಲ್ಲ. “ತೋರಸ್ರಿ ನೋಡೋಣ. ಮಗ ಮಾಡಿದ್ದು ನಾವ್ ನೋಡೇ ಇಲ್ಲ. ಎಂದ್ ಕೇಳಿದ್ರೂ ಆಮ್ಯಾಲೆ ಅಂತಾನ.”

“ಅಪ್ಪಾ, ಬ್ಯಾಡ,” ಎಂದ ಶಿವರಾಜ.

“ಯಾಕ ಬ್ಯಾಡ?”

ಅದಕ್ಕೆ ಉತ್ತರ ಕೊಟ್ಟರೆ ಅದೇ ಚಿತ್ರವನ್ನು ಬಾಯಿಂದ ತೋರಿಸಿದಂತೆ. ಮಯೂರ್ ಏನೋ ಹೇಳಿ ತಪ್ಪಿಸಲು ನೋಡಿದ, ಬ್ಯಾಟರಿ ಇಲ್ಲ ಎಂದ, ನೆಟ್‌ವರ್ಕ್ ಎಂದ. ಚನ್ನಪ್ಪ ತನ್ನ ಫೋನನ್ನೇ ಮುಂದಿಟ್ಟ. ಸಂಘದವರು ಕಳಿಸಿದ ಕೊಂಡಿ ಅದರಲ್ಲೇ ಇತ್ತು. ಯಾವುದೋ ಚಿತ್ರ ಇರಬೇಕೆಂದು ಅವನು ತೆರೆದಿರಲಿಲ್ಲ, ಮಗನ ಹೆಸರು ಈಗಷ್ಟೇ ಕಣ್ಣಿಗೆ ಬಿತ್ತು. ತಟ್ಟೆಗೆ ಒರಗಿಸಿ ಒತ್ತಿದ.

ಮೊದಲು ರೊಟ್ಟಿಯ ಸದ್ದು. ಕಾಳವ್ವ ಅಡುಗೆಮನೆಯ ಕಡೆ ನೋಡಿದಳು, ಯಾರು ಬಡಿಯುತ್ತಿದ್ದಾರೆ ಎಂಬಂತೆ. ಆಮೇಲೆ ಅವಳದೇ ದನಿ ಶುರುವಾಯಿತು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಹೊರಗೆ ಬರುತ್ತಿದ್ದ ಮಾತನ್ನು ಈಗಲಾದರೂ ತಡೆಯಬಹುದು ಎಂಬಂತೆ ಒತ್ತಿಕೊಂಡೇ ಕೂತಳು. ಫೋನಿನಲ್ಲಿ ಕೈಗಳು ಗಾಳಿಯಲ್ಲಿ ಕೂಸಿನ ಅಳತೆ ತೋರಿಸುತ್ತಿದ್ದವು. ಶಿವರಾಜ ಗೋಡೆ ನೋಡುತ್ತ ಕೂತಿದ್ದ. ಯಾವ ಜಾಗದಲ್ಲಿ ತನ್ನ ಹೆಸರಿತ್ತೋ ಅಲ್ಲೆಲ್ಲ ಅವನ ಮೈ ಜುಮ್ಮೆನ್ನುತ್ತಿತ್ತು. ‘ನನ್ನ ಊರಿಗೇ ಅಟ್ಟತಿದ್ದ’ ಎಂಬ ಮಾತು ಬಂದಾಗ ಚನ್ನಪ್ಪ ಕೈ ತೊಳೆಯದೆ ಎಂಜಲು ಕೈಯನ್ನು ಮೊಳಕಾಲ ಮೇಲೆ ಇಟ್ಟುಕೊಂಡ.

ಚಿತ್ರ ಮುಗಿಯಿತು. ಬಸ್ಸಿನ ಬೋರ್ಡಾಗಲಿ, ಔಷಧದ ಬಾಟಲಿಯಾಗಲಿ, ಕಂಡ ಅಕ್ಷರವನ್ನೆಲ್ಲ ಗಟ್ಟಿಯಾಗಿ ಓದುವ ಅಭ್ಯಾಸ ಚನ್ನಪ್ಪನಿಗೆ. ಈಗಲೂ ಓದಿದ. “ದನಿ. ಕಲ್ಯಾಣದ ಒಬ್ಬ... ಮನೆಗೆಲಸದ... ತಾಯಿ.”

ಕಾಳವ್ವ ಬಾಯಿಂದ ಸೆರಗು ತೆಗೆದಳು.

“ಸುಳ್ಳೇನ್ ಬರ್ದಿಲ್ಲ ಬಿಡ್ರಿ. ಮಾಡೇನಲ್ಲ ನಾ,” ಎಂದಳು. ಆಮೇಲೆ ಅತಿಥಿಗಳ ಕಡೆ ತಿರುಗಿ, “ಇನ್ನೊಂದ್ ರೊಟ್ಟಿ ಹಾಕ್ಲೇನು? ತಣ್ಣಗಾದ್ರ ಬಿರುಸಾಗ್ತಾವ,” ಎಂದಳು.

ಮಗನನ್ನು ನೋಡಲಿಲ್ಲ. ಅಂದು ಆ ಬಚ್ಚಲಲ್ಲಿಯೂ ಹೀಗೇ ನೋಡಿರಲಿಲ್ಲ.

ಚನ್ನಪ್ಪ ಹೆಂಡತಿಯನ್ನು ಕೇಳಿದ: “ಆಗ ನಾ ಅಷ್ಟ್ ಕೆಟ್ಟ ಇದ್ನೇನು? ಹೇಳಾಕೂ ಅಂಜೂ ಹಂಗ?”

“ಇದ್ರಿ,” ಎಂದಳು ಕಾಳವ್ವ.

ಚನ್ನಪ್ಪ ಎದ್ದು ಕೈ ತೊಳೆದು, ಚಪ್ಪಲಿ ಮೆಟ್ಟಿ ಹೊರಗೆ ಹೋದ. ಅಂಗಡಿಯ ಕಡೆಗಲ್ಲ, ಕೆಳಗಿನ ಕಟ್ಟೆಯ ಮೇಲೆ ಕೂತದ್ದು ಕಿಟಕಿಯಿಂದ ಕಾಣುತ್ತಿತ್ತು.

ಗೆಳೆಯರನ್ನು ಕಳಿಸಲು ಶಿವರಾಜ ಜ್ವರದಲ್ಲೇ ರಿಕ್ಷಾ ಸ್ಟ್ಯಾಂಡಿನ ತನಕ ಹೋದ. ಮಯೂರ್ ಅವನ ಭುಜ ಮುಟ್ಟಿ, “ಹೋ ಗಯಾ ಯಾರ್. ಸಂಘದ ಸ್ಕ್ರೀನಿಂಗ್ ನಾನು ಕ್ಯಾನ್ಸಲ್ ಮಾಡ್ತೇನೆ,” ಎಂದ. ಸೋನಾಲಿ ರಿಕ್ಷಾ ಹತ್ತದೆ ನಿಂತಳು.

“ಆ ಕೈಯನ್ನು ಊಹೆ ಮಾಡಿ ಮಾಡಿ ಬರೆದೆ ನಾನು. ಒಂದು ಲೋಕಲ್ ಹತ್ತಿ ಬಂದಿದ್ರೆ ಸಾಕಿತ್ತು,” ಎಂದಳು. “ನನ್ನನ್ನೂ ಕಳ್ಳಿ ಮಾಡಿದೆ ಶಿವ. ಅವರು ಸೆರಗು ಬಾಯಿಗೆ ಇಟ್ಕೊಂಡಾಗ ನಾನು ಅವರ ಮನೆ ರೊಟ್ಟಿ ಬಾಯಲ್ಲಿಟ್ಕೊಂಡು ಕೂತಿದ್ದೆ.”

“ಆ ಕೊನೇ ಸಾಲು ಬದಲಾಯಿಸೋಣ. ಅವ್ವನ ಹೆಸರು ಹಾಕೋಣ. ನನ್ನ ಹೆಸರು ತೆಗೆದುಬಿಡಿ,” ಎಂದ ಶಿವರಾಜ.

“ಅವರನ್ನು ಕೇಳು ಮೊದಲು. ನಿನ್ನ ಹೆಸರು ಎಲ್ಲಿಗೂ ಹೋಗುವುದಿಲ್ಲ. ಮಾಡಿದವ ನೀನು. ಅಲ್ಲೇ ಇರಲಿ,” ಎಂದಳು ಸೋನಾಲಿ. ರಿಕ್ಷಾ ಹೊರಟಿತು.

ಕೇಳಲು ಅವನಿಗೆ ಒಂದು ವಾರ ಬೇಕಾಯಿತು. ಅವ್ವ ಗಿಡಕ್ಕೆ ನೀರು ಹಾಕುತ್ತಿದ್ದಾಗ ಹಿಂದೆ ನಿಂತು, “ತಪ್ಪಾತು ಅವ್ವಾ,” ಎಂದ. ಅವಳು ನೀರು ಹಾಕುತ್ತಲೇ ಇದ್ದಳು.

“ಕೆಲಸ ಮಾಡಾಕಿ ಅಂದಿ, ಅನ್ನು. ಅದಕ್ಕ ನನಗೇನಿಲ್ಲ. ದುಡದೀನಿ, ಕದ್ದಿಲ್ಲ. ಆದ್ರ ಆ ಮಾತು ನಾ ನಿನಗ ಹೇಳಿದ್ದೆ. ನಿನಗೊಬ್ಬಗ. ಊರಿಗೆಲ್ಲ ಹೇಳಾಕ ನನಗ ಬಾಯಿ ಇರಲಿಲ್ಲೇನು?”

“ನಿನ್ನ ಹೆಸರು ಹಾಕಸ್ತೀನಿ.”

“ಹಾಕಬ್ಯಾಡ!” ಎಂದು ಕಾಳವ್ವ ಗಕ್ಕನೆ ತಿರುಗಿದಳು. “ಕೂಸಿನ್ನ ಗಾಡ್ಯಾಗ ಬಿಟ್ಟು ಬಂದಾಕಿ ಇಕೀನ ಅಂತ ಜನ ಬೆರಳು ತೋರಸ್ಬೇಕೇನು? ಹೆಸರೂ ಬ್ಯಾಡ, ಆ ಕಲ್ಯಾಣ ಅನ್ನೂದೂ ಬ್ಯಾಡ. ನಮ್ಮ ಮಂದಿ ಮುಂದ ತೋರಸ್ಬ್ಯಾಡ್ರಿ. ಉಳದವ್ರ ಮುಂದ ಏನರೆ ಮಾಡ್ಕೋರಿ. ಆ ಹುಡುಗಿ ಪಾಪ, ಭಾಳ ಕಷ್ಟಪಟ್ಟು ಬರ್ದಾಳ.”

ಹಾಗೆಯೇ ಆಯಿತು. ಸೋನಾಲಿ ಆ ಸಾಲನ್ನು ಅಳಿಸಿ ಏನೂ ಬರೆಯದೆ ಬಿಟ್ಟಳು. ಅವಳು ಕೆಲಸಕ್ಕೆ ಮರಳಿದಳು. ಶಿವರಾಜನೊಡನೆ ಬೇಕಾದಷ್ಟೇ ಮಾತು. ಅವನು ಯಾವುದೇ ಸದ್ದು ತಂದರೂ, “ಇದು ಯಾರದು? ಕೇಳಿದ್ದೀಯಾ?” ಎಂದು ಮಯೂರನ ಎದುರಿಗೇ ಕೇಳುತ್ತಿದ್ದಳು. ಅವನು ಪ್ರತಿ ಸಲವೂ ಉತ್ತರ ಹೇಳುತ್ತಿದ್ದ.

ಬೇಸಿಗೆಯಲ್ಲಿ ಬೇಲಾಪುರದ ಒಂದು ಕಾಲೇಜಿನಲ್ಲಿ ಚಿತ್ರ ತೋರಿಸಿದರು. ಕೊನೆಗೆ ಹುಡುಗಿಯೊಬ್ಬಳು ಎದ್ದು, ಆ ದನಿ ಯಾರದು, ಹೆಸರೇ ಇಲ್ಲವಲ್ಲ ಎಂದು ಮರಾಠಿಯಲ್ಲಿ ಕೇಳಿದಳು. ಮಯೂರ್ ಮೈಕನ್ನು ಶಿವರಾಜನ ಕಡೆ ಸರಿಸಿದ. ನನ್ನ ತಾಯಿಯದು, ಕೇಳದೆ ಕದ್ದೆ ಎಂದು ಆ ಸಭೆಯ ಮುಂದೆ ಹೇಳಿಬಿಟ್ಟರೆ ಎದೆ ಹಗುರಾಗುತ್ತಿತ್ತು. ಆದರೆ ಆ ಹಗುರವನ್ನು ಮತ್ತೆ ಅವಳ ಗುಟ್ಟಿನಿಂದಲೇ ಕೊಳ್ಳಬೇಕಿತ್ತು. “ಅವರಿಗೆ ಹೆಸರು ಹೇಳುವುದು ಇಷ್ಟವಿಲ್ಲ,” ಎಂದ. ಹೆಸರು ಬಯಸದ ಆ ದೊಡ್ಡ ಮನಸ್ಸಿಗೆ ಹುಡುಗರೆಲ್ಲ ಚಪ್ಪಾಳೆ ತಟ್ಟಿದರು. ಅವನು ಮೈಕು ಕೆಳಗಿಟ್ಟು, ಚಪ್ಪಾಳೆ ಮುಗಿಯುವ ತನಕ ನೆಲ ನೋಡುತ್ತ ನಿಂತ.

ಸಂಜೆ ಮನೆ ಮುಟ್ಟಿದಾಗ ಒಳಗೆ ಅಪ್ಪ ಅವ್ವ ಮಾತಾಡುತ್ತಿದ್ದರು. ಈಚೆಗೆ ಅದೊಂದು ಹೊಸತು. ಚನ್ನಪ್ಪ ಆ ದಿನದ ಬಗ್ಗೆ ಕೇಳುತ್ತಿದ್ದ: ಆ ಮೀನಿನಾಕಿ ಏನಂದಳು, ನೀ ಅವಳಿಗೆ ಏನು ಕೊಟ್ಟೆ, ಮನೆಗೆ ಬಂದಾಗ ನಾನೇನು ಮಾಡುತ್ತಿದ್ದೆ. ಕಾಳವ್ವ ಹೇಳುತ್ತಿದ್ದಳು, ನಡುವೆ ನಗುತ್ತಿದ್ದಳು ಕೂಡ. ಶಿವರಾಜ ಬಾಗಿಲು ದೂಡಿದೊಡನೆ ಮಾತು ನಿಂತಿತು. ಅವಳ ಕಣ್ಣು ಅವನ ಮುಖಕ್ಕಿಂತ ಮೊದಲು ಹೆಗಲ ಚೀಲಕ್ಕೆ ಹೋಯಿತು.

“ಮಷೀನು ಐತೇನು ಅದರಾಗ?”

“ಬಂದ್ ಐತಿ ಅವ್ವಾ.”

“ಹೊರಗಿಡು.”

ಅವನು ಮತ್ತೆ ಹೊರಗೆ ಹೋಗಿ ಚೀಲವನ್ನು ಚಪ್ಪಲಿಗಳ ಪಕ್ಕದಲ್ಲಿಟ್ಟ. ಒಳಗೆ ಬರದೆ ಅಲ್ಲೇ ನಿಂತ, ಅವರ ಮಾತು ಮುಗಿಯಲಿ ಎಂದು. ಅಪ್ಪ ಮೆಲ್ಲಗೆ, “ಆಮ್ಯಾಲೆ?” ಎಂದದ್ದು ಕೇಳಿಸಿತು. ಅವ್ವ ಏನೋ ಹೇಳಿದಳು. ಶಿವರಾಜ ಕಿವಿಗೊಡದಿರಲು ನೋಡಿದ, ಆಗದೆ ಮೆಟ್ಟಿಲಿಳಿದು ಕೆಳಗಿನ ಕಟ್ಟೆಯ ತನಕ ಹೋಗಿ ಕೂತ.